ಕಣ್ಣು ಬಂತು, ಪುಟ ಎಲ್ಲಿ?

ಪುಣೆಯಲ್ಲಿ ನಾನು ಸೇರಿದ್ದ ಮಾಂಗಾ ಚಿತ್ರಕಲೆಯ ಶನಿವಾರದ ತರಗತಿ ಮೊದಲ ದಿನವೇ ಖುಷಿ ಕೊಟ್ಟಿತು. ಒಂದು ವೃತ್ತ, ನಡುವೆ ಅಡ್ಡ-ಉದ್ದ ಎರಡು ಗೆರೆ, ದೊಡ್ಡ ಕಣ್ಣು, ಚೂಪು ಗದ್ದ. ಗಂಟೆಯೊಳಗೆ ಎಲ್ಲರ ಹಾಳೆಯಲ್ಲೂ ಒಂದೊಂದು ಮುಖ. ಕೊನೆಯ ವಾರದವರೆಗೂ ಮುಖವೇ. ಕೂದಲು ಮಾತ್ರ ಬದಲಾಗುತ್ತಿತ್ತು.

ನನ್ನ ತಕರಾರು ಇಲ್ಲಿಯೇ. ಮಾಂಗಾ ಎಂದರೆ ಕಣ್ಣಿನ ಅಳತೆಯಲ್ಲ, ಕಥೆ ಹೇಳುವ ಪುಟ. ಜಪಾನಿನ ಕಲಾವಿದರು ಅಂತಿಮ ಚಿತ್ರಕ್ಕೆ ಮುನ್ನ 'ನೇಮು' ಎಂಬ ಕಚ್ಚಾ ಪ್ರತಿ ಮಾಡುತ್ತಾರೆ: ಚೌಕಟ್ಟುಗಳು, ಮಾತು, ಒರಟು ಗೆರೆಯ ಮನುಷ್ಯರು. ಸಂಪಾದಕರು ಮೊದಲು ನೋಡಿ ತಿದ್ದಿಸುವುದು ಅದನ್ನೇ. ಚಂದದ ಕಣ್ಣು ಅದಕ್ಕೆ ಬೇಕಿಲ್ಲ; ಹೊಸಬರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಯಾವುದು? 1947ರಲ್ಲಿ ಬಂದ ಒಸಾಮು ತೆಜುಕಾ ಅವರ 'ಶಿನ್ ತಕರಾಜಿಮಾ' ಹೆಸರಾದದ್ದೂ ಸಿನಿಮಾದಂತೆ ಓಡುವ ಚೌಕಟ್ಟುಗಳಿಂದ.

ಕನ್ನಡದಲ್ಲಿ ಕಥೆ ಬಿಡಿಸಹೊರಟವರಿಗೆ ತೊಡಕು ಇನ್ನೂ ದೊಡ್ಡದು. ಮಾಂಗಾದ ಜಪಾನಿ ಮಾತು ಮೇಲಿನಿಂದ ಕೆಳಗೆ, ಬಲದಿಂದ ಎಡಕ್ಕೆ ಸಾಗುತ್ತದೆ. ಹಾಗಾಗಿ ಮಾತಿನ ಬಲೂನು ಕಿರಿದಾಗಿ, ಎತ್ತರವಾಗಿ ನಿಲ್ಲುತ್ತದೆ. ಅದರೊಳಗೆ 'ಹೋಗಬೇಕಾಗಿತ್ತಲ್ಲವೇನೋ' ಎಂದು ಬರೆದು ನೋಡಿ! ಪದ ಮುರಿಯಬೇಕು, ಇಲ್ಲವೇ ಅಕ್ಷರ ಇರುವೆಯಾಗಬೇಕು. ಬಲೂನು ಅಗಲಿಸಿದರೆ ಚೌಕಟ್ಟು ಬದಲಾಗುತ್ತದೆ, ಪಾತ್ರಗಳು ನಿಲ್ಲುವ ಜಾಗವೂ. ಮೊದಲು ಮಾತಾಡುವವರು ಎಡಕ್ಕೆ ಬರಬೇಕು. ಈ ಲೆಕ್ಕ ಹಾಕದೆ ಬರೀ ಕಣ್ಣು ಕಲಿತರೆ ಕೈಗೆ ಬರುವುದು ಜಪಾನಿ ಪುಟದ ಮೇಲೆ ಅಂಟಿಸಿದ ಕನ್ನಡ.

ಕೊಟ್ಟ ಶುಲ್ಕ ದಂಡವಲ್ಲ, ಕೈ ಪಳಗಿತು. ಆದರೆ ಸೇರುವ ಮುನ್ನ ಒಂದು ಮಾತು ಕೇಳಿಬಿಡಿ: ಕೊನೆಗೆ ನಾಲ್ಕು ಪುಟದ ಕಥೆಯೊಂದನ್ನು ಮಾಡಿಸುತ್ತೀರಾ?