ದಾಕ್ಷಿಣ್ಯದ ಅಂಕಿಗಳು

ಪಂಜಾಬಿನ ಖನ್ನಾ ಪಟ್ಟಣದ ಸುತ್ತಲಿನ ಹಳ್ಳಿಗಳಲ್ಲಿ 1950ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಕುಟುಂಬ ಯೋಜನೆಯನ್ನು ಕುರಿತು ಹಲವು ವರ್ಷಗಳ ಅಧ್ಯಯನ ನಡೆಸಿದರು. ಕಾರ್ಯಕರ್ತರು ಮನೆ ಮನೆಗೆ ಹೋದರು, ಪ್ರಶ್ನೆ ಕೇಳಿದರು, ಗರ್ಭನಿರೋಧಕ ಗುಳಿಗೆ ಕೊಟ್ಟರು, ಮತ್ತೆ ಮತ್ತೆ ಬಂದು ವಿಚಾರಿಸಿಕೊಂಡರು. ಹಳ್ಳಿಯ ಬಹುಪಾಲು ಜನ ಒಪ್ಪಿಗೆ ಕೊಟ್ಟರು. ಆ ಒಪ್ಪಿಗೆಗೆ ತಕ್ಕ ಹಾಗೆ ಹುಟ್ಟುವ ಮಕ್ಕಳ ಸಂಖ್ಯೆ ಮಾತ್ರ ಇಳಿಯಲಿಲ್ಲ. ಮುಂದೆ ಅದೇ ಪ್ರದೇಶದ ಒಂದು ಹಳ್ಳಿಗೆ ಹೋಗಿ ಕಾರಣ ವಿಚಾರಿಸಿದ ಮಹಮೂದ್ ಮಮ್ದಾನಿ, 1972ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅದನ್ನು ದಾಖಲಿಸಿದರು. ಎಲ್ಲಿಂದಲೋ ಬಂದ ಒಳ್ಳೆಯ ಜನ, ನಮ್ಮಿಂದ ಅವರು ಬಯಸಿದ್ದು ಗುಳಿಗೆ ತೆಗೆದುಕೊಳ್ಳಿ ಎಂಬುದೊಂದನ್ನೇ, ಇಲ್ಲ ಎನ್ನುವುದು ಹೇಗೆ ಎಂಬುದು ಹಳ್ಳಿಯವರ ಮಾತಿನ ತಾತ್ಪರ್ಯ. ಬಡವರಿಗೆ ಹೆಚ್ಚು ಮಕ್ಕಳು ಏಕೆ ಬೇಕಾಗುತ್ತಾರೆ ಎಂಬ ಬಗ್ಗೆ ಮಮ್ದಾನಿ ಕೊಟ್ಟ ವಿವರಣೆಯ ಮೇಲೆ ವಾದವಿವಾದ ನಡೆದಿದೆ. ಆದರೆ ಕೇಳುವವರಿಗೂ ಹೇಳುವವರಿಗೂ ನಡುವೆ ಏನು ನಡೆಯುತ್ತದೆ ಎಂಬುದನ್ನು ಅವರು ಸರಿಯಾಗಿ ಹಿಡಿದಿದ್ದರು. ಅದಕ್ಕೆ ನಮ್ಮ ಭಾಷೆಯಲ್ಲಿ ಹಳೆಯ ಹೆಸರೊಂದಿದೆ: ದಾಕ್ಷಿಣ್ಯ.

ಪ್ರಶ್ನಾವಳಿ ಸಮೀಕ್ಷೆ ಇಂದು ಮನುಷ್ಯರನ್ನು ಅರಿಯುವ ಅತ್ಯಂತ ಬಳಕೆಯ ಹಾದಿ. ಸರ್ಕಾರ ಯೋಜನೆಯ ಫಲ ತಿಳಿಯಲು ಕೇಳುತ್ತದೆ, ಕಾಲೇಜು ಪಾಠದ ಗುಣಮಟ್ಟ ತಿಳಿಯಲು ಕೇಳುತ್ತದೆ, ಕಂಪನಿ ಗಿರಾಕಿಯ ಮನಸ್ಸು ತಿಳಿಯಲು ಕೇಳುತ್ತದೆ. ಕೇಳುವುದರಲ್ಲಿ ತಪ್ಪಿಲ್ಲ. ಉತ್ತರವನ್ನು ಎದುರಿನ ವ್ಯಕ್ತಿಯ ಒಳಗೆ ಮೊದಲೇ ಸಿದ್ಧವಾಗಿದ್ದ ವಸ್ತುವೆಂದು ಭಾವಿಸುವುದು ತಪ್ಪು. ಉತ್ತರ ಹುಟ್ಟುವುದು ಪ್ರಶ್ನೆ ಬಿದ್ದ ಮೇಲೆ. ಯಾರು ಕೇಳಿದರು, ಯಾವ ಪದದಲ್ಲಿ ಕೇಳಿದರು, ಎಷ್ಟು ಹಿಂದಿನದನ್ನು ನೆನಪಿಸಿಕೊಳ್ಳಿ ಎಂದರು ಎಂಬುದೆಲ್ಲ ಸೇರಿ ಉತ್ತರ ರೂಪುಗೊಳ್ಳುತ್ತದೆ. ಹೀಗಾಗಿ ಸಮೀಕ್ಷೆಯ ಅಂಕಿಯಲ್ಲಿ ಜನರ ಪಾಲಿರುವಂತೆ ಪ್ರಶ್ನೆಯ ಪಾಲೂ ಇದೆ. ತನ್ನ ಪ್ರಶ್ನೆಯನ್ನು ತಾನೇ ಪರೀಕ್ಷೆಗೆ ಒಡ್ಡಿಕೊಂಡ ಸಮೀಕ್ಷೆಯಿಂದ ಜ್ಞಾನ ಸಿಗುತ್ತದೆ, ಒಡ್ಡಿಕೊಳ್ಳದ ಸಮೀಕ್ಷೆಯಿಂದ ಶೇಕಡಾವಾರು ಮಾತ್ರ ಸಿಗುತ್ತದೆ ಎಂಬುದು ನನ್ನ ವಾದ.

ದಾಕ್ಷಿಣ್ಯ ಹಳ್ಳಿಯ ಅನಕ್ಷರಸ್ಥರ ಗುಣವೆಂದು ಯಾರೂ ಭಾವಿಸಬೇಕಿಲ್ಲ. ರಿಚರ್ಡ್ ಲಾಪಿಯೆರ್ ಎಂಬ ಸಮಾಜಶಾಸ್ತ್ರಜ್ಞ 1930ರ ದಶಕದ ಆರಂಭದಲ್ಲಿ ಒಬ್ಬ ಚೀನೀ ಯುವಕ ಮತ್ತು ಆತನ ಹೆಂಡತಿಯ ಜೊತೆ ಅಮೆರಿಕದ ಉದ್ದಗಲ ಓಡಾಡಿದ. ಆ ಕಾಲದ ಅಮೆರಿಕದಲ್ಲಿ ಚೀನೀಯರ ಮೇಲೆ ದ್ವೇಷ ಬಲವಾಗಿತ್ತು. ಆದರೂ 251 ಹೋಟೆಲು, ವಸತಿಗೃಹಗಳ ಪೈಕಿ ಒಂದೇ ಒಂದು ಕಡೆ ಅವರನ್ನು ಹೊರಗೆ ಕಳಿಸಿದರು. ಕೆಲವು ತಿಂಗಳ ನಂತರ ಅವೇ ಜಾಗಗಳಿಗೆ ಪ್ರಶ್ನೆ ಬರೆದು ಕಳಿಸಿದಾಗ 128 ಕಡೆಯಿಂದ ಉತ್ತರ ಬಂತು. ಅವರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಜನ ಚೀನೀಯರನ್ನು ಸೇರಿಸುವುದಿಲ್ಲ ಎಂದು ಬರೆದಿದ್ದರು. ಪತ್ರಕ್ಕೆ ಉತ್ತರಿಸಿದವರೂ ಬಾಗಿಲಲ್ಲಿ ನಿಂತವರೂ ಒಬ್ಬರೇ ಎಂದು ಹೇಳಲಾಗದು, ಜೊತೆಗೆ ಬಿಳಿಯನೊಬ್ಬ ಇದ್ದುದೂ ನೆರವಾಗಿರಬಹುದು. ಈ ಆಕ್ಷೇಪಗಳಲ್ಲಿ ಹುರುಳಿದೆ. ಆದರೆ ಖನ್ನಾದಲ್ಲಿ ಬಾಯಿ ಹೌದೆಂದಿತು, ನಡತೆ ಇಲ್ಲವೆಂದಿತು. ಇಲ್ಲಿ ಕಾಗದ ಇಲ್ಲವೆಂದಿತು, ನಡತೆ ಹೌದೆಂದಿತು. ಅಂತರ ಎರಡೂ ದಿಕ್ಕಿಗೆ ಇರಬಲ್ಲದು ಎಂದಾದ ಮೇಲೆ, ಜನ ಸುಳ್ಳು ಹೇಳುತ್ತಾರೆ, ಸ್ವಲ್ಪ ಕಳೆದುಕೊಂಡು ಓದಿದರಾಯಿತು ಎಂಬ ಸುಲಭದ ಪರಿಹಾರ ಉಳಿಯುವುದಿಲ್ಲ. ಎಷ್ಟು ಕಳೆಯಬೇಕು, ಎಲ್ಲಿ ಕೂಡಬೇಕು ಎಂಬುದು ಆಯಾ ಪ್ರಶ್ನೆಗೇ ಬೇರೆ.

ನಮ್ಮ ದೇಶದ ಶೌಚಾಲಯದ ಲೆಕ್ಕದಲ್ಲಿ ಇದು ಎದ್ದು ಕಾಣುತ್ತದೆ. ದೊಡ್ಡ ಸಮೀಕ್ಷೆಗಳು ಸಾಮಾನ್ಯವಾಗಿ ಕೇಳುವುದು, ನಿಮ್ಮ ಮನೆಯವರು ಎಂಥ ಶೌಚಾಲಯ ಬಳಸುತ್ತೀರಿ ಎಂದು. ಉತ್ತರಿಸುವವರು ಮನೆಯ ಒಬ್ಬರು, ಉತ್ತರ ಇಡೀ ಮನೆಯದು. ಮನೆಯಲ್ಲಿ ಕಟ್ಟಿಸಿದ ಶೌಚಾಲಯ ಇದ್ದು, ಸೊಸೆ ಅದನ್ನು ಬಳಸಿ, ಅಜ್ಜ ಬಯಲಿಗೆ ಹೋಗುತ್ತಿದ್ದರೆ ಆ ಸಂಗತಿ ಈ ಪ್ರಶ್ನೆಯೊಳಗೆ ಹಿಡಿಸುವುದೇ ಇಲ್ಲ. ಡಯಾನ್ ಕಾಫಿ, ಡೀನ್ ಸ್ಪಿಯರ್ಸ್ ಮತ್ತು ಅವರ ಜೊತೆಗಾರರ ಸಂಶೋಧನಾ ಬಳಗ ಗ್ರಾಮೀಣ ಭಾರತದಲ್ಲಿ ಇದನ್ನು ಪ್ರಯೋಗ ಮಾಡಿಯೇ ನೋಡಿತು. ಚೀಟಿ ಎತ್ತಿದಂತೆ ಕೆಲವು ಮನೆಗಳಿಗೆ ಮನೆಯ ಮಟ್ಟದ ಪ್ರಶ್ನೆ, ಉಳಿದ ಮನೆಗಳಿಗೆ ಒಬ್ಬೊಬ್ಬರ ಬಗ್ಗೆಯೂ ಪ್ರತ್ಯೇಕ ಪ್ರಶ್ನೆ. ಎರಡನೆಯದರಲ್ಲಿ ಕೆಲವರು ಬಯಲಿಗೆ ಹೋಗುತ್ತಾರೆ, ಕೆಲವರು ಶೌಚಾಲಯ ಬಳಸುತ್ತಾರೆ ಎಂದು ಎರಡನ್ನೂ ಸಹಜವೆಂಬಂತೆ ಮುಂದಿಟ್ಟು ಕೇಳಲಾಯಿತು. ಹೀಗೆ ಕೇಳಿದಾಗ ಬಯಲಿಗೆ ಹೋಗುವವರ ಪ್ರಮಾಣ ಸುಮಾರು 20 ಶೇಕಡಾ ಅಂಶ ಹೆಚ್ಚಾಗಿ ಕಂಡಿತು. ಹಳ್ಳಿಗಳು ಅವೇ, ಜನರೂ ಅಂಥವರೇ. ಕೇಳಿದ ರೀತಿಯೊಂದು ಬೇರೆಯಾದದ್ದಕ್ಕೆ ಐವರಲ್ಲಿ ಒಬ್ಬರು ಲೆಕ್ಕದೊಳಗೆ ಬಂದರು.

ಇದಕ್ಕಿಂತ ದೊಡ್ಡ ಪಾಠ ರಾಷ್ಟ್ರೀಯ ಮಾದರಿ ಸಮೀಕ್ಷೆಯದು. ಪಿ.ಸಿ. ಮಹಲನೋಬಿಸ್ ಅವರ ದೂರದೃಷ್ಟಿಯಿಂದ 1950ರಲ್ಲಿ ಆರಂಭವಾದ ಈ ಸಮೀಕ್ಷೆಯಲ್ಲಿ ಮನೆಯ ಖರ್ಚಿನ ಲೆಕ್ಕವನ್ನು ಕಳೆದ 30 ದಿನಗಳದ್ದೆಂದು ಕೇಳುವ ರೂಢಿ ಬೆಳೆದಿತ್ತು. ಒಂದು ತಿಂಗಳ ಹಿಂದೆ ತಂದ ಬೇಳೆ, ಎಣ್ಣೆ, ಸೊಪ್ಪು ಯಾರಿಗೆ ನೆನಪಿರುತ್ತದೆ ಎಂಬ ಸಂಶಯ ಸಹಜವಾದದ್ದು. 1990ರ ದಶಕದಲ್ಲಿ ಕೆಲವು ಸುತ್ತುಗಳಲ್ಲಿ ಮನೆಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಳೆಯ 30 ದಿನಗಳ ಪ್ರಶ್ನೆಯನ್ನೂ ಇನ್ನೊಂದಕ್ಕೆ ಆಹಾರದ ಮಟ್ಟಿಗೆ ಕಳೆದ 7 ದಿನಗಳ ಪ್ರಶ್ನೆಯನ್ನೂ ಕೇಳಿದರು. 7 ದಿನಗಳ ಗುಂಪಿನಲ್ಲಿ ಆಹಾರದ ಖರ್ಚು ಸುಮಾರು 30 ಶೇಕಡಾ ಹೆಚ್ಚು ಬಂತು. ಬಡತನದ ರೇಖೆ ಇದ್ದಲ್ಲೇ ಇದ್ದರೂ, ಆ ರೇಖೆಯ ಕೆಳಗಿರುವವರ ಸಂಖ್ಯೆಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಲು ಇಷ್ಟು ಸಾಕಾಗಿತ್ತು. ಸುಮಾರು 20 ಕೋಟಿ ಜನ ಕಾಗದದ ಮೇಲೆ ಬಡತನ ದಾಟಿಬಿಡುತ್ತಿದ್ದರು, ಅವರ ತಟ್ಟೆಗೆ ಒಂದು ತುತ್ತೂ ಹೆಚ್ಚು ಬೀಳದೆ. 1999–2000ರ ಸುತ್ತಿನಲ್ಲಿ ಎರಡೂ ಅವಧಿಗಳನ್ನು ಒಂದೇ ನಮೂನೆಯಲ್ಲಿ ಅಕ್ಕಪಕ್ಕ ಇಟ್ಟು ಒಂದೇ ಮನೆಯನ್ನು ಕೇಳಿದರು. ಒಂದು ಉತ್ತರ ಇನ್ನೊಂದನ್ನು ತನ್ನ ಕಡೆಗೆ ಎಳೆಯಿತು. ಬಡತನ 36 ಶೇಕಡಾದಿಂದ 26 ಶೇಕಡಾಕ್ಕೆ ಇಳಿಯಿತೆಂಬ ಅಧಿಕೃತ ಅಂಕಿಯ ಮೇಲೆ ಆಂಗಸ್ ಡೀಟನ್ ಮೊದಲಾದ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಚರ್ಚೆ ನಡೆಸಬೇಕಾಯಿತು. ಆದರೂ ಈ ಪ್ರಕರಣವನ್ನು ಸಮೀಕ್ಷೆಯ ಸೋಲಿಗೆ ಉದಾಹರಣೆಯಾಗಿ ಓದಲು ನಾನು ಸಿದ್ಧನಿಲ್ಲ. ಪ್ರಶ್ನೆ ಏನಿತ್ತು, ಯಾವಾಗ ಬದಲಾಯಿತು ಎಂಬುದು ಬಹಿರಂಗವಾಗಿದ್ದುದರಿಂದಲೇ ಆ ಚರ್ಚೆ ಸಾಧ್ಯವಾಯಿತು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ತಪ್ಪು ಎಷ್ಟೇ ಇರಲಿ, ಪ್ರತಿ ಸಲವೂ ಅಷ್ಟೇ ಇದ್ದರೆ ಏರಿಳಿತವನ್ನಾದರೂ ನಂಬಬಹುದಲ್ಲ ಎಂದು. ತಕ್ಕಡಿ ಐವತ್ತು ಗ್ರಾಂ ಹೆಚ್ಚು ತೋರಿಸಿದರೂ ಮಗು ಬೆಳೆದದ್ದು ಅದರಲ್ಲಿ ಗೊತ್ತಾಗುತ್ತದೆ. ಪ್ರಶ್ನೆ ಬದಲಾಗದೆ, ಅದರ ಸುತ್ತಲಿನ ಗಾಳಿಯೂ ಬದಲಾಗದೆ ಇದ್ದರೆ ಈ ಮಾತು ನಿಜ. ಆದರೆ ದೇಶದ ತುಂಬ ಸ್ವಚ್ಛತೆಯ ಆಂದೋಲನ ನಡೆದು, ಬಯಲಿಗೆ ಹೋಗುವುದು ನಾಚಿಕೆಗೇಡೆಂದು ಗೋಡೆ ಗೋಡೆಯ ಮೇಲೆ ಬರೆದ ಬಳಿಕ ಅದೇ ಪ್ರಶ್ನೆ ಕೇಳಿದರೆ, ನಡತೆ ಬದಲಾದಷ್ಟೇ ವೇಗವಾಗಿ ಹೇಳಿಕೊಳ್ಳುವ ರೀತಿಯೂ ಬದಲಾಗಿರುತ್ತದೆ. ತಕ್ಕಡಿಗೂ ಮರ್ಯಾದೆಯ ಅಂಜಿಕೆ ಬಂದಿರುತ್ತದೆ. ಇಷ್ಟಾದರೂ 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 19 ಶೇಕಡಾ ಮನೆಗಳವರು ಯಾವ ಶೌಚಾಲಯವನ್ನೂ ಬಳಸುವುದಿಲ್ಲ ಎಂದು ಹೇಳಿದರು. ಗ್ರಾಮೀಣ ಭಾರತ ಬಯಲು ಶೌಚದಿಂದ ಮುಕ್ತವೆಂದು 2019ರ ಅಕ್ಟೋಬರ್ 2ರಂದೇ ಘೋಷಣೆಯಾಗಿತ್ತು. ಕಡಿಮೆ ತೋರಿಸುವ ಪ್ರಶ್ನೆಯೇ ಇಷ್ಟನ್ನು ತೋರಿಸಿದ್ದರಿಂದ ಆ ಅಂಕಿಗೆ ತೂಕವಿದೆ. ದೋಷ ಯಾವ ಕಡೆಗೆ ವಾಲುತ್ತದೆ ಎಂದು ತಿಳಿದಿದ್ದರೆ ದೋಷವಿರುವ ಪ್ರಶ್ನೆಯೂ ಸಾಕ್ಷಿ ನುಡಿಯಬಲ್ಲದು.

ಸಂಖ್ಯೆ ದೊಡ್ಡದಾದರೆ ತಪ್ಪು ತೊಳೆದುಹೋಗುತ್ತದೆ ಎಂಬ ನಂಬಿಕೆಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಚೀಟಿ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಲ್ಯಾಂಡನ್ ಗೆಲ್ಲುತ್ತಾರೆಂದು ಬರೆಯಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46ನ್ನು ಗೆದ್ದರು.

ಶಿಕ್ಷಣದ ವಿಷಯಕ್ಕೆ ಬಂದರೆ, ಕೇಳುವುದಕ್ಕೂ ಮಾಡಿಸಿ ನೋಡುವುದಕ್ಕೂ ಇರುವ ವ್ಯತ್ಯಾಸ ಇನ್ನೂ ನಿಚ್ಚಳ. ಜನಗಣತಿಯಲ್ಲಿ ಸಾಕ್ಷರತೆ ಬಾಯಿಮಾತಿನ ವಿಷಯ: ಓದುಬರಹ ಬರುತ್ತದೆಯೇ ಎಂದು ಗಣತಿದಾರರು ಕೇಳುತ್ತಾರೆ, ಮನೆಯವರು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ಅಸರ್ ಸಮೀಕ್ಷೆ ಮಗುವಿನ ಕೈಗೆ ಒಂದು ಹಾಳೆ ಕೊಟ್ಟು ಓದು ಎನ್ನುತ್ತದೆ. ಹಾಗೆ ಓದಿಸಿ ನೋಡಿದ್ದಕ್ಕೇ 2018ರಲ್ಲಿ ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಎರಡನೆಯ ತರಗತಿಯ ಪಾಠ ಓದಲು ಬರುತ್ತದೆ ಎಂದು ಗೊತ್ತಾಯಿತು. ನಿಮ್ಮ ಮಗುವಿಗೆ ಓದಲು ಬರುತ್ತದೆಯೇ ಎಂದು ತಾಯಿಯನ್ನು ಕೇಳಿದ್ದರೆ ಈ ಸತ್ಯ ಹೊರಗೆ ಬರುತ್ತಿರಲಿಲ್ಲ; ಮಗ ಶಾಲೆಗೆ ಹೋಗುತ್ತಾನೆ, ಬರದೆ ಏನು ಎನ್ನುತ್ತಿದ್ದಳು, ಅದೂ ಪ್ರಾಮಾಣಿಕವಾಗಿಯೇ. ಇತ್ತ ನಮ್ಮ ಕಾಲೇಜುಗಳಲ್ಲಿ ನ್ಯಾಕ್ ಮಾನ್ಯತೆಗಾಗಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆ ನಡೆಯುತ್ತದೆ. ಪಾಠ ಅರ್ಥವಾಯಿತೇ ಎಂದು ವಿದ್ಯಾರ್ಥಿಯನ್ನು ಕೇಳಬೇಕಾದದ್ದೇ, ಬೇರೆ ಯಾರನ್ನು ಕೇಳುವುದು? ಆದರೆ ತೃಪ್ತಿಯನ್ನು ಕಲಿಕೆಯ ಅಳತೆಯೆಂದು ಓದುವಂತಿಲ್ಲ. ಕಷ್ಟದ ಪಾಠ ಮಾಡುವ, ಅಂಕ ಬಿಗಿಹಿಡಿಯುವ ಅಧ್ಯಾಪಕರಿಗೆ ಇದರಿಂದ ಅನ್ಯಾಯವಾಗುವ ಸಂಭವ ನಿಜವಾಗಿಯೂ ಇದೆ.

ವ್ಯಾಪಾರ ಲೋಕದಲ್ಲಿ 2003ರಲ್ಲಿ ಫ್ರೆಡ್ ರೈಖೆಲ್ಡ್ ಜನಪ್ರಿಯಗೊಳಿಸಿದ ಒಂದು ಪ್ರಶ್ನೆ ಜಗತ್ತನ್ನೇ ಸುತ್ತಿದೆ: ನಮ್ಮನ್ನು ಸ್ನೇಹಿತರಿಗೆ ಶಿಫಾರಸು ಮಾಡುವ ಸಾಧ್ಯತೆಗೆ ಸೊನ್ನೆಯಿಂದ ಹತ್ತರವರೆಗೆ ಎಷ್ಟು ಕೊಡುತ್ತೀರಿ? 9 ಅಥವಾ 10 ಕೊಟ್ಟವರು ಹೊಗಳುವವರು, 6 ಮತ್ತು ಕೆಳಗೆ ಕೊಟ್ಟವರು ತೆಗಳುವವರು. ನೂರಕ್ಕೆ ಅರವತ್ತು ಬಂದರೆ ಫಸ್ಟ್ ಕ್ಲಾಸ್ ಎಂದು ಬೆಳೆದ ನಾಡಿನಲ್ಲಿ ಹತ್ತಕ್ಕೆ ಆರು ಕೊಟ್ಟವನು ನಿಂದಕನ ಪಟ್ಟಿಗೆ ಸೇರುತ್ತಾನೆ. ಕೆಲಸ ಹೇಗಿತ್ತು ಎಂದರೆ ಕನ್ನಡಿಗ ‘ಪರವಾಗಿಲ್ಲ’ ಎನ್ನುತ್ತಾನೆ. ಧ್ವನಿಯ ಮೇಲೆ ಅದು ಮೆಚ್ಚುಗೆಯೂ ಆಗಬಹುದು, ಬೇಸರವೂ ಆಗಬಹುದು. ಅಂಕದಲ್ಲಿ ಆ ಧ್ವನಿಗೆ ಜಾಗವಿಲ್ಲ. ಇನ್ನು ಸಂಬಳ ಈ ಅಂಕಕ್ಕೆ ತಳುಕು ಹಾಕಿಕೊಂಡ ಮೇಲೆ, ದಯವಿಟ್ಟು ಹತ್ತು ಕೊಡಿ ಸಾರ್ ಎಂದು ಮೆಕ್ಯಾನಿಕ್ ಕೇಳಿಕೊಳ್ಳುತ್ತಾನೆ. ಗಿರಾಕಿ ಕೊಡುತ್ತಾನೆ. ಆ ಹತ್ತರಲ್ಲಿ ಸೇವೆಯ ಗುಣವೆಷ್ಟು, ಒಬ್ಬ ದುಡಿಯುವವನ ಮೇಲಿನ ಕರುಣೆಯೆಷ್ಟು ಎಂದು ಕಂಪನಿ ಬೇರ್ಪಡಿಸಲಾರದು.

ಹಾಗಾದರೆ ಪ್ರಶ್ನಾವಳಿ ಬಿಟ್ಟು ಹಳ್ಳಿಯಲ್ಲಿ ನೆಲೆಸಿ ನೋಡಬೇಕೇ? ಮೈಸೂರಿನ ಎಂ.ಎನ್. ಶ್ರೀನಿವಾಸ್ 1948ರಲ್ಲಿ ರಾಂಪುರದಲ್ಲಿ ಮಾಡಿದ್ದು ಅದನ್ನೇ. ಜಾತಿ ಜಾತಿಗಳ ನಡುವಿನ ಕೊಡುಕೊಳ್ಳುವಿಕೆಯನ್ನು ಅವರು ಕಂಡಂತೆ ಯಾವ ನಮೂನೆಯೂ ಕಾಣಲಾರದು. ಆದರೆ ರಾಂಪುರ ಎಷ್ಟು ಹಳ್ಳಿಗಳಂತೆ ಇದೆ ಎಂಬ ಪ್ರಶ್ನೆಗೆ ರಾಂಪುರದಲ್ಲಿ ಉತ್ತರವಿಲ್ಲ. ರಾಜ್ಯದಲ್ಲಿ ಎಷ್ಟು ತಾಯಂದಿರಿಗೆ ರಕ್ತಹೀನತೆ ಇದೆ, ಯಾವ ಸಮುದಾಯದ ಮಕ್ಕಳು ಶಾಲೆ ಬಿಟ್ಟಿದ್ದಾರೆ ಎಂಬುದಕ್ಕೆ ಸಾವಿರಾರು ಮನೆಗಳ ಬಾಗಿಲು ತಟ್ಟಲೇಬೇಕು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ರಕ್ತಹೀನತೆಯನ್ನು ಕೇಳಿ ಬರೆದುಕೊಳ್ಳದೆ ಬೆರಳಿನಿಂದ ಹನಿ ರಕ್ತ ತೆಗೆದು ಪರೀಕ್ಷಿಸಿತು. ಅಳೆಯಬಹುದಾದಲ್ಲಿ ಅಳೆಯುವ, ಕೇಳಲೇಬೇಕಾದಲ್ಲಿ ಕೇಳುವ ಈ ವಿವೇಕ ನನಗೆ ಮಾದರಿಯಾಗಿ ಕಾಣುತ್ತದೆ.

ನನ್ನ ಕಳವಳವಿರುವುದು ಸಣ್ಣ ಸಮೀಕ್ಷೆಗಳ ಬಗ್ಗೆ, ಎಂ.ಬಿ.ಎ., ಎಂ.ಎಡ್. ಪ್ರಬಂಧಗಳಿಗೆ ವರ್ಷವರ್ಷವೂ ಸಿದ್ಧವಾಗುವಂಥವು. ವಾಟ್ಸಾಪ್ ಗುಂಪುಗಳಿಗೆ ಗೂಗಲ್ ಫಾರ್ಮ್ ಕಳಿಸಿ, ಪರಿಚಯದವರು ತುಂಬಿದ ನೂರು ಉತ್ತರಗಳಿಗೆ ಕ್ರಾನ್‌ಬಾಕ್ ಆಲ್ಫಾ ಲೆಕ್ಕ ಹಾಕಿ, 0.8 ಬಂತು, ಪ್ರಶ್ನಾವಳಿ ವಿಶ್ವಾಸಾರ್ಹ ಎಂದು ಬರೆಯುತ್ತಾರೆ. ಪ್ರಶ್ನೆಗಳಿಗೆ ಬಂದ ಉತ್ತರಗಳು ಒಂದಕ್ಕೊಂದು ಹೊಂದುತ್ತವೆ ಎಂದಷ್ಟೇ ಆ ಅಂಕಿ ಹೇಳುತ್ತದೆ. ಉತ್ತರಗಳೆಲ್ಲ ದಾಕ್ಷಿಣ್ಯದವೇ ಆಗಿದ್ದರೂ ಚೆನ್ನಾಗಿಯೇ ಹೊಂದುತ್ತವೆ. ಇದಕ್ಕಿಂತ ಗಂಭೀರವಾದುದು ಭಾಷೆಯ ಸಂಗತಿ. ಪ್ರಶ್ನೆ ತಯಾರಾಗುವುದು ಇಂಗ್ಲಿಷಿನಲ್ಲಿ. ರೈತರನ್ನೋ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳನ್ನೋ ಕೇಳುವಾಗ ವಿದ್ಯಾರ್ಥಿ ನಿಂತಲ್ಲೇ ಕನ್ನಡಕ್ಕೆ ತಿರುಗಿಸುತ್ತಾನೆ. ‘ಸಂಪೂರ್ಣವಾಗಿ ಒಪ್ಪುತ್ತೇನೆ’ ಮತ್ತು ‘ಒಪ್ಪುತ್ತೇನೆ’ ನಡುವಣ ಗೆರೆ ಆಡುಮಾತಿನಲ್ಲಿ ಅಳಿಸಿಹೋಗಿ, ‘ಹೌದಲ್ವಾ ಅಮ್ಮ?’ ಎಂದಾಗುತ್ತದೆ. ಅಮ್ಮ ಹೌದಪ್ಪ ಎನ್ನುತ್ತಾಳೆ, ಐದನೆಯ ಚೌಕಕ್ಕೆ ಗುರುತು ಬೀಳುತ್ತದೆ. ಪ್ರಬಂಧದ ಅನುಬಂಧದಲ್ಲಿ ಇಂಗ್ಲಿಷ್ ಪ್ರಶ್ನಾವಳಿ ಅಚ್ಚುಕಟ್ಟಾಗಿ ಮುದ್ರಣವಾಗುತ್ತದೆ. ಪರೀಕ್ಷಕರು ಕೇಳಿ ಪಡೆಯಬೇಕಾದದ್ದು ಆ ಹೆಂಗಸಿನ ಮುಂದೆ ನಿಜವಾಗಿ ಆಡಿದ ಕನ್ನಡ ವಾಕ್ಯವನ್ನು, ಮತ್ತು ಉತ್ತರ ಕೊಡದೆ ಬಾಗಿಲು ಹಾಕಿಕೊಂಡವರು ಎಷ್ಟು ಮಂದಿ ಎಂಬ ಲೆಕ್ಕವನ್ನು.