ಹೊಗೆಸೊಪ್ಪು ಬೇರೆ, ಸಿಗರೇಟು ಬೇರೆ

ಅಮೆರಿಕದಲ್ಲಿ ಸಿಗರೇಟಿನ ಚಟ ಅತಿ ಹೆಚ್ಚಿರುವುದು ಅಲ್ಲಿನ ಮೂಲನಿವಾಸಿಗಳಲ್ಲಿ. ಇದಕ್ಕೆ ಆರೋಗ್ಯ ಇಲಾಖೆಗಳವರು ಹೇಳುವ ಮದ್ದು ‘ಸಮುದಾಯ ಸಹಭಾಗಿತ್ವ’. ಕೇಳಲು ಚೆನ್ನಾಗಿದೆ. ಆದರೆ ಯೋಜನೆ, ಪೋಸ್ಟರು, ಬಜೆಟ್ಟು ಎಲ್ಲ ರಾಜಧಾನಿಯಲ್ಲೇ ತಯಾರಾಗಿ, ಹಂಚಲಿಕ್ಕೆ ಮಾತ್ರ ಬುಡಕಟ್ಟಿನವರು ಬೇಕೆಂದರೆ ಅದು ಸಹಭಾಗಿತ್ವವಲ್ಲ, ಚಾಕರಿ.

‘ತಂಬಾಕು ಬಿಡಿ’ ಎಂಬ ಘೋಷಣೆಯನ್ನೇ ನೋಡಿ. ಓಜಿಬ್ವೆ ಎಂಬ ಮೂಲನಿವಾಸಿ ಜನರಿಗೆ ತಂಬಾಕೆಂದರೆ ಪವಿತ್ರವಾದ ಅಸೇಮಾ. ಭೂರ್ಜ ಮರದ ತೊಗಟೆ ಬಿಡಿಸುವ ಮುನ್ನ ಬುಡಕ್ಕೆ ಒಂದು ಚಿಟಿಕೆ ಇಡುತ್ತಾರೆ. ಹಿರಿಯರಲ್ಲಿ ಏನಾದರೂ ಕೇಳುವುದಿದ್ದರೆ ಮೊದಲು ಅದನ್ನು ಅವರ ಕೈಗಿತ್ತು ಆಮೇಲೆ ಬಾಯಿ ತೆರೆಯುತ್ತಾರೆ; ನಾವು ಎಲೆ ಅಡಿಕೆ ಕೊಟ್ಟು ಕರೆಯುವ ಹಾಗೆ. ಗುಟ್ಕಾ ಬಿಡಿಸಲು ಬಂದವನು ವೀಳ್ಯದ ತಟ್ಟೆಗೂ ಕೈಹಾಕಿದ್ದರೆ ನಮ್ಮ ಅಜ್ಜಿಯರು ಅವನನ್ನು ಜಗಲಿ ಹತ್ತಲು ಬಿಡುತ್ತಿದ್ದರೇ? ಅದೂ ಅಲ್ಲಿ ಬಂದವನು ಯಾರು? 1883ರಲ್ಲಿ ಮೂಲನಿವಾಸಿಗಳ ಕುಣಿತ, ಆಚರಣೆಗಳನ್ನು ಅಪರಾಧವೆಂದ ಸರ್ಕಾರ. ಧರ್ಮಾಚರಣೆಗೆ ರಕ್ಷಣೆ ಕೊಡುವ ಕಾಯ್ದೆ ಬಂದದ್ದು 1978ರಲ್ಲಿ.

ತಂಬಾಕಿನ ಜೊತೆ ಮೂಲನಿವಾಸಿಗಳಿಗಿರುವ ಈ ನಂಟಿನ ಬೆಲೆ ಇಲಾಖೆಗಳಿಗಿಂತ ವ್ಯಾಪಾರಿಗಳಿಗೆ ಚೆನ್ನಾಗಿ ತಿಳಿದಿತ್ತು. 1982ರಲ್ಲಿ ಸಾಂಟಾ ಫೆಯಲ್ಲಿ ಹುಟ್ಟಿದ ‘ಅಮೆರಿಕನ್ ಸ್ಪಿರಿಟ್’ ಸಿಗರೇಟಿನ ಪ್ಯಾಕಿನ ಮೇಲೆ ಗರಿಯ ಕಿರೀಟ ತೊಟ್ಟು ಚಿಲುಮೆ ಸೇದುವ ನಾಯಕನ ಚಿತ್ರವಿದೆ. ಕಂಪನಿ ಮಾತ್ರ ಮೂಲನಿವಾಸಿಗಳದ್ದಲ್ಲ. 1998ರಲ್ಲಿ ತಂಬಾಕು ಕಂಪನಿಗಳು 46 ರಾಜ್ಯಗಳೊಡನೆ ಪರಿಹಾರದ ಒಪ್ಪಂದ ಮಾಡಿಕೊಂಡಾಗ ಬುಡಕಟ್ಟು ಸರ್ಕಾರಗಳಿಗೆ ಪಂಕ್ತಿಯಲ್ಲಿ ಎಲೆಯನ್ನೇ ಹಾಕಿರಲಿಲ್ಲ. ದುಡ್ಡು ಹಂಚುವಾಗ ನೆನಪಾಗದವರು ಕರಪತ್ರ ಹಂಚುವಾಗ ‘ಪಾಲುದಾರರು’!

ಹಾಗೆಂದು ‘ಪವಿತ್ರ’ ಎಂಬ ಮಾತೊಂದರಿಂದಲೇ ಕೆಲಸವಾಗುತ್ತದೆಂದು ನಾನು ನಂಬಿಲ್ಲ. ಬುಡಕಟ್ಟುಗಳ ಕ್ಯಾಸಿನೊಗಳಲ್ಲಿ ಜೂಜಿನ ಯಂತ್ರದ ಮುಂದೆ ಕೂತು ಬಿಡುವ ಹೊಗೆಯಲ್ಲಿ ದೇವರೂ ಇಲ್ಲ, ಹಿರಿಯರೂ ಇಲ್ಲ, ಇರುವುದು ಆದಾಯ. ರಾಜ್ಯದ ಧೂಮಪಾನ ನಿಷೇಧ ಅಲ್ಲಿಗೆ ತಾನಾಗಿ ಅನ್ವಯಿಸುವುದೂ ಇಲ್ಲ. ಆ ಹೊಗೆಯನ್ನು ನಿಲ್ಲಿಸಬೇಕಾದವರು ಬುಡಕಟ್ಟಿನವರೇ. ಹೊರಗಿನವನು ಹೇಳಿದರೆ ಅದು ಸಾರ್ವಭೌಮತ್ವದ ಜಗಳವಾಗುತ್ತದೆ, ಶ್ವಾಸಕೋಶದ ಮಾತು ಹಿಂದೆ ಬೀಳುತ್ತದೆ.

ನವಾಹೋ ಬುಡಕಟ್ಟಿನ ಜನ ಕ್ಯಾಸಿನೊ ಹೊಗೆಯ ಜಗಳವನ್ನು ತಮ್ಮ ಮನೆಯೊಳಗೇ ವರ್ಷಗಟ್ಟಲೆ ಆಡಿದರು. ಕ್ಯಾಸಿನೊ ವರಮಾನದ ಲೆಕ್ಕ ಪ್ರತಿಸಲ ಅಡ್ಡ ಬರುತ್ತಿತ್ತು. ಕೊನೆಗೆ 2021ರ ನವೆಂಬರಿನಲ್ಲಿ ಅವರ ಆಗಿನ ಅಧ್ಯಕ್ಷ ಜೊನಾಥನ್ ನೆಜ್ ಸಹಿ ಹಾಕಿದ ಕಾಯ್ದೆಯ ಹೆಸರಿನಲ್ಲಿ ತಂಬಾಕಿನ ಸುದ್ದಿಯೇ ಇಲ್ಲ. ನವಾಹೋ ನುಡಿಯ ಆ ಹೆಸರಿನ ಅರ್ಥ ‘ಗಾಳಿಯೇ ಬದುಕು’. ಸಾರ್ವಜನಿಕ ಜಾಗಗಳ ಜೊತೆಗೆ ಕ್ಯಾಸಿನೊದಲ್ಲೂ ಸಿಗರೇಟು ನಿಂತಿತು. ಆಚರಣೆಯಲ್ಲಿ ಬಳಸುವ ‘ಬೆಟ್ಟದ ಹೊಗೆಸೊಪ್ಪಿ’ಗೆ ಕಾಯ್ದೆ ಕೈಹಚ್ಚಲಿಲ್ಲ.