ಭೂತಯ್ಯನ ಮಗ ಮತ್ತು ಬೆಸ್ತರ ಕರಿಯ: ಗೊರೂರರ ನಗುವಿನ ಎಲ್ಲೆ

ಗೊರೂರು ರಾಮಸ್ವಾಮಿ ಅಯ್ಯಂಗಾರರ (1904–1991) ಬಗ್ಗೆ ಎರಡು ಮಾತುಗಳು ಬಹಳ ಕಾಲದಿಂದ ಚಲಾವಣೆಯಲ್ಲಿವೆ. ಅವರು ಗಾಂಧಿವಾದಿ ಎನ್ನುವುದು ಒಂದು, ಹಾಸ್ಯ ಬರಹಗಾರ ಎನ್ನುವುದು ಇನ್ನೊಂದು. ಲೇಖಕರ ಪರಿಚಯಗಳಲ್ಲಿ ಇವೆರಡೂ ಅಕ್ಕಪಕ್ಕದಲ್ಲೇ ಇರುತ್ತವೆ. ಆದರೆ ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಎಂದು ಕೇಳುವವರು ಕಡಿಮೆ. ನನಗೆ ಆ ಸಂಬಂಧವೇ ಮುಖ್ಯವೆನಿಸುತ್ತದೆ. ಒಬ್ಬ ಲೇಖಕ ತಾನು ನಂಬಿದಂತೆ ಬದುಕಿದ ಎಂದು ಹೊಗಳುವುದು ಸುಲಭ. ಆ ನಂಬಿಕೆ ಅವನ ವಾಕ್ಯಗಳಲ್ಲಿ ಎಲ್ಲಿದೆ ಎಂದು ತೋರಿಸುವುದು ಕಷ್ಟ.

ಬದುಕಿನ ವಿವರಗಳನ್ನು ಮೊದಲು ಹೇಳಿಬಿಡುತ್ತೇನೆ. ಹಾಸನ ಜಿಲ್ಲೆಯ, ಹೇಮಾವತಿ ದಂಡೆಯ ಹಳ್ಳಿಯ ಹುಡುಗ ಗಾಂಧೀಜಿಯ ಕರೆಗೆ ಓಗೊಟ್ಟು ಶಾಲೆ ಬಿಟ್ಟ, ಗುಜರಾತ್ ವಿದ್ಯಾಪೀಠದಲ್ಲಿ ಓದಿದ, ಖಾದಿಯ ಕೆಲಸಕ್ಕೆ ನಿಂತ, 1942ರ ಚಳವಳಿಯಲ್ಲಿ ಜೈಲಿಗೆ ಹೋದ. ಗಾಂಧೀಜಿಯ ಆತ್ಮಕಥೆಯನ್ನು ಕನ್ನಡಕ್ಕೆ ತಂದವರೂ ಇವರೇ. ನನ್ನ ಕುತೂಹಲ ಇರುವುದು ಈ ಕೊನೆಯ ಸಂಗತಿಯಲ್ಲಿ.

ಗಾಂಧೀಜಿಯ ಆತ್ಮಕಥೆ ಅಭ್ಯಾಸಗಳ ಪುಸ್ತಕ. ಏನು ತಿನ್ನಬೇಕು, ಎಷ್ಟು ಖರ್ಚು ಮಾಡಬೇಕು, ಎಷ್ಟು ದೂರ ನಡೆಯಬೇಕು, ಯಾವ ಮಾತನ್ನು ಉಳಿಸಿಕೊಳ್ಳಬೇಕು ಎಂದು ಲೆಕ್ಕ ಇಡುವ ಪುಸ್ತಕ. ಅದರ ಲೇಖಕ ತನ್ನ ಮೇಲೆ ತಾನೇ ಕಾವಲು ಕೂತಿರುತ್ತಾನೆ. ಸಣ್ಣ ಜಾರುವಿಕೆಯನ್ನೂ ಬರೆದಿಡುತ್ತಾನೆ, ತನಗೆ ತಾನೇ ಮಾಫಿ ಕೊಡುವುದಿಲ್ಲ. ಅಂಥ ಬರವಣಿಗೆಯನ್ನು ವಾಕ್ಯ ವಾಕ್ಯವಾಗಿ ಕನ್ನಡಿಸಿದ ಕೈ ಸ್ವಂತಕ್ಕೆ ಬರೆಯುವಾಗ ಹಾಗೆ ಬರೆಯುವುದಿಲ್ಲ. ಗೊರೂರರ ಗದ್ಯಕ್ಕೆ ಅವಸರವಿಲ್ಲ, ಕಾವಲೂ ಇಲ್ಲ. ದಾರಿಯಲ್ಲಿ ಯಾರಾದರೂ ಸಿಕ್ಕರೆ ನಿಂತು ಮಾತಾಡುತ್ತದೆ, ಹೊರಟ ವಿಷಯ ಬಿಟ್ಟು ಇನ್ನೊಂದಕ್ಕೆ ಹೋಗಿ ಮತ್ತೆ ಬರುತ್ತದೆ. ಊರಿನ ಸೋಮಾರಿಯನ್ನೂ ಜಂಭಗಾರನನ್ನೂ ಅದು ತಿದ್ದಲು ಹೋಗುವುದಿಲ್ಲ.

ಹಾಗಾದರೆ ಗುರುವಿನಿಂದ ಇವರು ಪಡೆದದ್ದೇನು? ನನ್ನ ಓದಿನಲ್ಲಿ ಅದು ಒಂದೇ ಒಂದು ಅಭ್ಯಾಸ. ಮಾತಾಡುವವನು ತನ್ನನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಿಕೊಳ್ಳದಿರುವುದು. ಗಾಂಧೀಜಿ ಅದನ್ನು ಆತ್ಮಪರೀಕ್ಷೆಯಿಂದ ಸಾಧಿಸಿದರು, ಗೊರೂರರು ನಗುವಿನಿಂದ. ಅವರ ಪ್ರಬಂಧಗಳಲ್ಲಿ ನಗೆಗೀಡಾಗುವವರ ಸಾಲಿನಲ್ಲಿ ಹೇಳುವವನೂ ಇರುತ್ತಾನೆ. ಊರನ್ನು ನೋಡಿ ನಗುವ ಪೇಟೆಯವನ ನಗು ಅದಲ್ಲ, ಜಗಲಿಯ ಮೇಲೆ ಜೊತೆಗೆ ಕೂತವನ ನಗು.

ಪುಸ್ತಕಗಳ ಹೆಸರುಗಳಲ್ಲೇ ಇದು ಕಾಣುತ್ತದೆ. 1930ರ ‘ಹಳ್ಳಿಯ ಚಿತ್ರಗಳು’ ಆದ ಮೇಲೆ ಬಂದ ಪುಸ್ತಕದ ಹೆಸರು ‘ನಮ್ಮ ಊರಿನ ರಸಿಕರು’. ‘ರಸಿಕ’ ಎಂಬುದು ಅರಮನೆಯ, ಕಾವ್ಯಶಾಸ್ತ್ರದ, ಸಂಗೀತ ಸಭೆಯ ಪದ. ಅದನ್ನು ಹೊಲದಿಂದ ಬಂದು ಜಗಲಿಯಲ್ಲಿ ಕೂತವರಿಗೆ ಕೊಟ್ಟದ್ದು ಹಾಸ್ಯವೂ ಹೌದು, ಗೌರವವೂ ಹೌದು. ‘ನಮ್ಮ’ ಎಂಬ ಪದ ಹೇಳುವವನನ್ನೂ ಆ ಗುಂಪಿಗೆ ಸೇರಿಸುತ್ತದೆ. ಸುಮಾರು ಐವತ್ತು ವರ್ಷಗಳ ನಂತರ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಬರೆದ ಪ್ರವಾಸಕಥನ ‘ಅಮೆರಿಕಾದಲ್ಲಿ ಗೊರೂರು’. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಶೀರ್ಷಿಕೆಯಲ್ಲಿರುವುದು ಲೇಖಕರ ಹೆಸರೋ ಊರಿನ ಹೆಸರೋ? ಅಮೆರಿಕಕ್ಕೆ ಹೋದದ್ದು ಒಬ್ಬ ವ್ಯಕ್ತಿಯಲ್ಲ, ಇಡೀ ಊರು ಎಂದು ಓದಿಕೊಳ್ಳಲು ಅಡ್ಡಿಯಿಲ್ಲ. ಐವತ್ತು ವರ್ಷ ಒಂದೇ ರೀತಿಯಲ್ಲಿ ನೋಡುತ್ತಾ ಬಂದವರಿಗೆ ಮಾತ್ರ ಇಂಥ ಶೀರ್ಷಿಕೆ ತಾನಾಗಿ ಒದಗಿಬರುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಮೆಚ್ಚುಗೆಯ ಬರಹವಾಗುತ್ತಿತ್ತು. ಆದರೆ ಇನ್ನೂ ಎರಡು ಶೀರ್ಷಿಕೆಗಳು ನನ್ನನ್ನು ಕಾಡುತ್ತವೆ: ‘ಭೂತಯ್ಯನ ಮಗ ಅಯ್ಯು’ ಮತ್ತು ‘ಬೆಸ್ತರ ಕರಿಯ’.

ಮೊದಲನೆಯದನ್ನು ನಮ್ಮಲ್ಲಿ ಹೆಚ್ಚಿನವರು ಬಲ್ಲದ್ದು 1974ರಲ್ಲಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ ಸಿನಿಮಾದ ಮೂಲಕ. ಭೂತಯ್ಯ ಊರನ್ನು ಹಿಂಡಿ ಬದುಕಿದ ಜಿಪುಣ. ಅವನು ಸತ್ತಾಗ ಹೆಗಲು ಕೊಡಲು ಊರು ಬರುವುದಿಲ್ಲ. ಆಗ ಮಗನ ಮುಂದೆ ನಿಲ್ಲುವ ಪ್ರಶ್ನೆ ಆಸ್ತಿಯದ್ದಲ್ಲ, ಅಭ್ಯಾಸದ್ದು. ಅಪ್ಪನಿಂದ ಬಂದ ಜಮೀನನ್ನು ಇಟ್ಟುಕೊಳ್ಳಬಹುದು, ಅಪ್ಪನಿಂದ ಬಂದ ನಡೆಯನ್ನು ಏನು ಮಾಡುವುದು? ತಾನು ಬದಲಾಗುತ್ತೇನೆ ಎಂದು ಅಯ್ಯು ಹೇಳಿದ ಮಾತ್ರಕ್ಕೆ ಊರು ನಂಬುವುದಿಲ್ಲ. ಗುಳ್ಳನ ಜೊತೆಗಿನ ಹಗೆ ಸ್ನೇಹವಾಗುವ ತನಕ ಅವನು ಬಹಳ ದೂರ ನಡೆಯಬೇಕಾಗುತ್ತದೆ. ಒಳ್ಳೆಯ ಅಭ್ಯಾಸ ಎಂಬುದು ಒಂದು ದಿನದ ನಿರ್ಧಾರವಲ್ಲ, ಬೇರೆಯವರು ನಂಬುವಷ್ಟು ಸಲ ಮಾಡಿ ತೋರಿಸಬೇಕಾದದ್ದು. ಹೆಸರಿನ ಮುಂದಿನ ‘ಭೂತಯ್ಯನ ಮಗ’ ಎಂಬ ಎರಡು ಪದಗಳನ್ನು ಕಳಚಿಕೊಳ್ಳುವುದೇ ಆ ಕತೆಯ ಹೋರಾಟ.

ಈಗ ‘ಬೆಸ್ತರ ಕರಿಯ’ ಎಂಬ ಹೆಸರನ್ನು ಅದರ ಪಕ್ಕದಲ್ಲಿಡಿ. ಇಲ್ಲಿಯೂ ಹೆಸರಿನ ಮುಂದೆ ಒಂದು ಪದವಿದೆ. ಅದನ್ನು ಕರಿಯ ಹೇಗೆ ಕಳಚಬೇಕು? ಅವನು ಎಷ್ಟೇ ಒಳ್ಳೆಯವನಾದರೂ ಆ ಪದ ಹೋಗುವುದಿಲ್ಲ, ಏಕೆಂದರೆ ಅದು ಅವನ ಅಭ್ಯಾಸವಲ್ಲ, ಊರಿನ ಅಭ್ಯಾಸ. ಗೊರೂರರ ನಗು ನಿಲ್ಲುವುದು ಈ ಜಾಗದಲ್ಲಿ ಎಂದು ನನಗನಿಸುತ್ತದೆ. ವ್ಯಕ್ತಿಯ ಕೊರತೆಯನ್ನು ಅದು ಪ್ರೀತಿಯಿಂದ ನೋಡಬಲ್ಲದು, ತಿದ್ದಿಕೊಳ್ಳಲು ಸಮಯ ಕೊಡಬಲ್ಲದು. ಆದರೆ ಒಂದು ಊರು ಒಟ್ಟಾಗಿ ರೂಢಿಸಿಕೊಂಡ ಕ್ರೌರ್ಯಕ್ಕೆ ಸಮಯ ಕೊಡುವುದು ಸರಿಯೇ? ಜಗಲಿಯ ಮೇಲೆ ಜೊತೆಗೆ ಕೂತು ನಗಲು ಮೊದಲು ಜಗಲಿ ಹತ್ತುವ ಹಕ್ಕಿರಬೇಕು.

ಈ ಕೊರತೆ ನಮಗೆ ಚೆನ್ನಾಗಿ ಕಾಣುವುದು ದೇವನೂರ ಮಹಾದೇವರ ‘ಒಡಲಾಳ’ ಓದಿದ ಮೇಲೆ. ಸಾಕವ್ವ ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ಹುಡುಕುತ್ತಾಳೆ. ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಕೂತು ರಾತ್ರಿಯಿಡೀ ತಿಂದು ಮುಗಿಸುತ್ತಾರೆ. ಅಲ್ಲಿಯೂ ನಗುವಿದೆ. ಆದರೆ ಆ ನಗುವಿನ ಪಕ್ಕದಲ್ಲೇ ಹಸಿವು ಕೂತಿದೆ, ಬಾಗಿಲಿಗೆ ಪೊಲೀಸರು ಬರುತ್ತಾರೆ. ಅದು ಹಟ್ಟಿಯ ಒಳಗಿನಿಂದಲೇ ಹುಟ್ಟಿದ ನಗು.

ಹಾಗೆಂದು ಗೊರೂರರನ್ನು ಪಕ್ಕಕ್ಕಿಡಬೇಕೆ? ಇಡಬಾರದು. ಮಹಾದೇವ ಬರೆದದ್ದನ್ನು ಗೊರೂರರು ಬರೆಯಲಿಲ್ಲ ಎಂದು ದೂರುವುದು ಅಗ್ಗದ ವಿಮರ್ಶೆ. ಗೊರೂರರಲ್ಲಿ ಎಲ್ಲವೂ ಹಿತವಾಗಿದೆ ಎಂದು ಓದಿ ಮುಗಿಸುವುದು ಸೋಮಾರಿ ವಿಮರ್ಶೆ. ಅವರೇ ನಂಬಿದ್ದ ಗಾಂಧೀಜಿಯ ಕಾರ್ಯಕ್ರಮದಲ್ಲಿ ಖಾದಿಯಷ್ಟೇ ಮುಖ್ಯವಾಗಿ ಅಸ್ಪೃಶ್ಯತೆಯ ನಿವಾರಣೆಯೂ ಇತ್ತು. ಅಂದರೆ ಅವರ ಗದ್ಯಕ್ಕೆ ನಾನು ಹಾಕುತ್ತಿರುವ ಪ್ರಶ್ನೆ ಹೊರಗಿನದ್ದಲ್ಲ. ಅವರ ಮೌಲ್ಯವೇ ಅವರ ಗದ್ಯಕ್ಕೆ ಹಾಕುವ ಪ್ರಶ್ನೆ ಅದು. ಮೌಲ್ಯವೊಂದನ್ನು ನಿಜವಾಗಿ ನಂಬಿದವರನ್ನು ಅವರ ಮೌಲ್ಯದಿಂದಲೇ ಅಳೆಯುವುದು ಗೌರವದ ಕೆಲಸ ಎಂದು ನಾನು ತಿಳಿದಿದ್ದೇನೆ.

ಇವತ್ತು ಗೊರೂರು ಎಂದರೆ ಬಹಳ ಜನಕ್ಕೆ ನೆನಪಾಗುವುದು ಹೇಮಾವತಿಯ ಅಣೆಕಟ್ಟು, ರಜೆಯ ದಿನದ ಫೋಟೊ. ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇಷ್ಟೆ: ‘ಹಳ್ಳಿಯ ಚಿತ್ರಗಳು’ ಪುಸ್ತಕವನ್ನು ದಿನಕ್ಕೊಂದರಂತೆ, ಅವಸರವಿಲ್ಲದೆ ಓದಿ. ಪ್ರತಿ ಸಲ ನಗು ಬಂದಾಗಲೂ ಯಾರ ಜೊತೆ ನಗುತ್ತಿದ್ದೇನೆ, ಈ ನಗುವಿನಲ್ಲಿ ಯಾರಿಗೆ ಜಾಗವಿಲ್ಲ ಎಂದು ಕೇಳಿಕೊಳ್ಳಿ. ಒಂದು ವಾರ ಹೀಗೆ ಮಾಡಿದರೆ ಅದು ಓದಿನ ಅಭ್ಯಾಸವಾಗುತ್ತದೆ. ಆಮೇಲೆ ಆ ಪ್ರಶ್ನೆ ಪುಸ್ತಕದ ಹೊರಗೂ, ಗೆಳೆಯರ ಗುಂಪಿನಲ್ಲಿ ನಗುವಾಗಲೂ ನೆನಪಾಗಬಹುದು.